ಸೋನಾ ಬೀಯ ತಟ್ಟೆ

ನಸೀಮಾಳ ಎಡಗಣ್ಣಿನ ಮೂಲೆಯಲ್ಲಿ, ಮೂಗಿನ ಕಡೆಗೆ, ಹಳದಿ ಕಾಳೊಂದು ಕಾಣಿಸಿಕೊಂಡ ದಿನ ಅವಳ ಅಜ್ಜಿ ಹಜೀರಾಬೀ ಓಣಿಗೆಲ್ಲ ಸಕ್ಕರೆ ಹಂಚಿದಳು.

ಕಾಳು ಸಾಸಿವೆಗಿಂತ ದೊಡ್ಡದಿರಲಿಲ್ಲ. ಮುಖ ತೊಳೆದು ಬಂದ ಮೊಮ್ಮಗಳನ್ನು ಬಾಗಿಲ ಬೆಳಕಿಗೆ ತಿರುಗಿಸಿ ಮುದುಕಿ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಅರಿಸಿನವಾಗಿದ್ದರೆ ಹೋಗಬೇಕಿತ್ತು. ಹೋಗಲಿಲ್ಲ.

"ಬಂತು," ಎಂದಳು. "ಹದಿನೆಂಟು ವರ್ಷ ಕಾಯಿಸಿ ಬಂತು ನೋಡು ನಮ್ಮನಿ ಚಿನ್ನ. ಏ ಖುರ್ಷೀದಾ, ಬಾ ಇಲ್ಲಿ. ನಿನ್ನ ಹೊಟ್ಟ್ಯಾಗ ಹುಟ್ಟಿದ್ರೂ ನಿನ್ನಂಗೆ ಬೋಳುಗಣ್ಣಿ ಆಗಲಿಲ್ಲ. ಅಲ್ಲಾ ದೊಡ್ಡವನು."

ಸೊಸೆ ಖುರ್ಷೀದಾ ಒಲೆಯ ಮುಂದಿನಿಂದ ಎದ್ದು ಬಂದಳು. ಮಗಳ ಕಣ್ಣು ಮೊದಲಿನ ಹಾಗೇ ಕಪ್ಪಗೆ ನಗುತ್ತಿತ್ತು. ಕಾಳೊಂದೇ ಬೇರೆ ಯಾರದೋ ಮುಖದಿಂದ ಬಂದು ಕೂತ ಹಾಗಿತ್ತು.

ಭಟ್ಟಿಯಲ್ಲಿ ಜರಡಿ ಹಿಡಿಯುವ ಹುಲಿಗೆಮ್ಮ ಸಕ್ಕರೆ ಬಾಯಿಗೆ ಹಾಕಿಕೊಂಡು ನಕ್ಕಳು. "ನಿಮ್ಮ ಕಣ್ಣಿಗೆ ಚಿನ್ನ ಬರ್ತೈತೆ. ಈ ಹೊಟ್ಟಿನ ಹೊಗಿಗೆ ನಮ್ಮ ಕಣ್ಣಾಗ ಬರೇ ನೀರು ಬರ್ತೈತೆ ನೋಡ್ರಿ."

ಹತ್ತಿ ಮಿಲ್ಲುಗಳಿನ್ನೂ ನಡೆಯುತ್ತಿದ್ದ ಕಾಲದ ದಾವಣಗೆರೆಯಲ್ಲಿ ಅವರದು ಮಂಡಕ್ಕಿ ಭಟ್ಟಿಯ ಮನೆ. ಮುಂದೆ ಭಟ್ಟಿ, ಹಿಂದೆ ಸಂಸಾರ. ಬೆಳಗಿನ ಮಿಲ್ಲಿನ ಸೈರನ್ ಕೂಗುವ ಮೊದಲೇ ಭತ್ತದ ಹೊಟ್ಟಿನ ಉರಿ ಎದ್ದು, ಕಾದ ಮರಳಿನಲ್ಲಿ ಅಕ್ಕಿ ಸಿಡಿದು ಅರಳುತ್ತಿತ್ತು. ಮಂಡಕ್ಕಿ ಚೀಲಗಳು ಕೈಗಾಡಿಯಲ್ಲಿ ಮಂಡಿಪೇಟೆಗೆ ಹೋಗುತ್ತಿದ್ದವು. ಖುರ್ಷೀದಾಳ ಗಂಡ ಗೌಸ್ ಪೀರ್ ಯಜಮಾನ. ಅವನ ಎರಡೂ ಕಣ್ಣಿನ ಮೂಲೆಯಲ್ಲಿ ಆ ಹಳದಿ ಇತ್ತು. ಬೆರಳ ಗೆಣ್ಣಿನ ಮೇಲೆ ನೆನೆಸಿದ ಶೇಂಗಾದಂಥ ಗಂಟುಗಳಿದ್ದವು, ಹಿಮ್ಮಡಿಯ ಮೇಲಿನ ನರ ದಪ್ಪಗೆ ಉಬ್ಬಿತ್ತು. ಅವನಪ್ಪ ಬುಡನ್ ಸಾಬನಿಗೂ, ಬುಡನ್ ಸಾಬನ ಅಣ್ಣ ಮಕ್ತುಮ್ ಸಾಬನಿಗೂ ಹೀಗೇ ಇತ್ತಂತೆ. ಚಿನ್ನದ ಕಣ್ಣಿದ್ದವರ ಕೈ ಹತ್ತಿದ ಭಟ್ಟಿ ಆರುವುದಿಲ್ಲ ಎಂದು ಹಜೀರಾಬೀ ಹೇಳುತ್ತಿದ್ದಳು. ಮಲೆಬೆನ್ನೂರಿನಿಂದ ಬಂದ ಖುರ್ಷೀದಾ ಇಪ್ಪತ್ತು ವರ್ಷದಿಂದ ಬೋಳುಗಣ್ಣಿ.

ಚಿನ್ನದ ಕಣ್ಣಿನ ಗಂಡಸರ ಗಡ್ಡ ಬೆಳ್ಳಗಾದದ್ದನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಅದನ್ನು ಯಾರೂ ಚಿನ್ನಕ್ಕೆ ಗಂಟು ಹಾಕಿರಲೂ ಇಲ್ಲ. ಭಟ್ಟಿಯ ಝಳ, ಹೊಗೆ, ಅಲ್ಲಾನ ಕರೆ ಎನ್ನುತ್ತಿದ್ದರು.

ಗುರುವಾರ ಬಂತು. ಆ ಮನೆಯಲ್ಲಿ ಗುರುವಾರವೆಂದರೆ ಸೋನಾ ಬೀಯ ದಿನ. ಹಜೀರಾಬೀ ತಾನೇ ಮಾರ್ಕೆಟ್ಟಿಗೆ ನಡೆದು ಹೋಗಿ ಕುರಿಯ ಮಿದುಳು ತಂದಳು. ತುಪ್ಪದಲ್ಲಿ ಹುರಿದಳು. ತುಪ್ಪದನ್ನ ಮಾಡಿದಳು. ಅಂಚು ನೆಗ್ಗಿದ ಒಂದು ಪುಟ್ಟ ಜರ್ಮನ್ ಸಿಲ್ವರ್ ತಟ್ಟೆಗೆ ಎರಡನ್ನೂ ಬಡಿಸಿ, ಊದುಬತ್ತಿ ಹಚ್ಚಿ, ಫಾತೇಹಾ ಓದಿಸಿದಳು. ಆಮೇಲೆ ತಟ್ಟೆಯನ್ನು ನಸೀಮಾಳ ಮುಂದಿಟ್ಟಳು. ಚಿನ್ನ ಯಾರಿಗೆ ಹೊಸದಾಗಿ ಬಂದಿರುತ್ತದೋ ಅವರು ಆ ತಟ್ಟೆಯಲ್ಲಿ ಉಣ್ಣಬೇಕು. ಅದು ಮನೆಯ ಪದ್ಧತಿ.

"ಯಾರು ದಾದಿ ಈ ಸೋನಾ ಬೀ? ಪೂರ್ತಿ ಹೇಳೇ ಇಲ್ಲ ನೀನು."

"ನಿಮ್ಮ ದೊಡ್ಡದಾದಾ ಮಕ್ತುಮ್ ಸಾಬರ ಮಗಳು. ಗಂಡ ಹೆಂಡ್ತಿ ಇಬ್ಬರೂ ಅಣ್ಣತಮ್ಮರ ಮಕ್ಕಳು, ಇಬ್ಬರಿಗೂ ಚಿನ್ನದ ಕಣ್ಣು. ಎರಡು ಕೂಡಿ ಹುಟ್ಟಿದ ಕೂಸು. ಬರೇ ಕಣ್ಣಲ್ಲ, ಮೊಣಕೈ, ಮೊಣಕಾಲು, ಬೆರಳ ಸಂದ್ಯಾಗ ಎಲ್ಲಾ ಚಿನ್ನ. ನಾನಾಗ ಹೊಸಾ ಸೊಸಿ, ನನಗಿನ್ನೂ ಮಕ್ಕಳಿಲ್ಲ. ನನ್ನ ಸೊಂಟದ ಮ್ಯಾಲೇ ಬೆಳೀತು. ಅದು ಇದ್ದಾಗಲೇ ಈ ಭಟ್ಟಿ ನಮ್ಮದಾಗಿದ್ದು. ಉಣ್ಣು, ಆರ್ತೈತೆ."

ನಸೀಮಾ ಉಂಡಳು. ತಟ್ಟೆ ಬಳಿದು ಹೊಳೆಯುವವರೆಗೂ ಮುದುಕಿ ಕಣ್ಣು ಕೀಳಲಿಲ್ಲ.

ಮುಂದಿನ ವಾರ ಹರಿಹರದಿಂದ ಗೌಸ್ ಪೀರನ ತಂಗಿ ಮೆಹರ್ ಬಾನು ಮಗ ಮುನಾಫನನ್ನು ಕರೆದುಕೊಂಡು ಬಂದಳು. ಮುನಾಫ್ ಅಲ್ಲಿಯ ಕಾರ್ಖಾನೆಯಲ್ಲಿ ಲೇಥ್ ಕೆಲಸಕ್ಕಿದ್ದ, ಕಾಯಂ ಆಗುವುದಿತ್ತು. ಎತ್ತರದ ಹುಡುಗ, ಬಲಗಣ್ಣಿನ ಮೂಲೆಯಲ್ಲಿ ತಾಯಿಯಿಂದ ಬಂದ ಹಳದಿ. ನಸೀಮಾ ಅವನಿಗೆ ಚಹಾ ಕೊಟ್ಟಳು, ಬಸಿ ಕೊಡಲು ಮರೆತಳು. ಅವರಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಹಜೀರಾಬೀ ಇಬ್ಬರ ಕೈಯನ್ನೂ ತನ್ನ ತೊಡೆಯ ಮೇಲೆ ಜೋಡಿಸಿಕೊಂಡು ಮುನಾಫನ ಗೆಣ್ಣುಗಳನ್ನು ಒತ್ತಿ ನೋಡಿದಳು, ಮಾವಿನಕಾಯಿ ಹಣ್ಣಾಯಿತೇ ಎಂದು ನೋಡುವ ಹಾಗೆ.

"ಇನ್ನೇನು ತಡ? ಎರಡು ಚಿನ್ನ ಕೂಡ್ಲಿ. ನನ್ನ ಸೋನಾ ಬೀ ತಿರುಗಿ ಬರ್ತಾಳೆ. ನಾನು ಸಾಯೋದ್ರೊಳಗೆ ಒಂದ್ಸಲ ಎತ್ತಿಕೋಬೇಕು."

ಎಲ್ಲರೂ ನಕ್ಕರು. ಖುರ್ಷೀದಾ ಕೂಡ ನಕ್ಕಳು. ಗೊತ್ತಿದ್ದ ಮನೆ, ಕೈಗೆ ಕೆಲಸವಿದ್ದ ಹುಡುಗ.

ನಗು ಬಹಳ ದಿನ ಉಳಿಯಲಿಲ್ಲ. ಮೆಹರ್ ಬಾನು ಒಬ್ಬಳೇ ಬಸ್ಸಿಳಿದು, ಬುರ್ಖಾ ತೆಗೆಯುವ ಮೊದಲೇ ಶುರು ಮಾಡಿದಳು.

"ಕಾಯಂ ಮಾಡೋಕೆ ಮೊದಲು ಡಾಕ್ಟ್ರ ಹತ್ರ ಕಳಿಸಿದ್ರು ಭಾಭಿ. ಆ ಮನುಷ್ಯ ಕಣ್ಣಾಗ ಬ್ಯಾಟರಿ ಬಿಟ್ಟು ನೋಡಿದನಂತೆ, ಗೆಣ್ಣು ನೋಡಿದನಂತೆ, ರಕ್ತ ತಗದನಂತೆ. ಸಾಲದು ಅಂತ ಇನ್ನೊಂದ್ಸಲ ತಗದನಂತೆ. 'ಏನೋ, ಮೈಯಾಗ ಬೆಣ್ಣಿ ಅಂಗಡಿ ಇಟ್ಟೀಯೇನು' ಅಂದನಂತೆ. ದಾವಣಗೆರ್ಯಾಗ ದೊಡ್ಡ ಡಾಕ್ಟ್ರಿಗೆ ತೋರಿಸಿ ಚೀಟಿ ತರಬೇಕಂತೆ. ಮಾಮುಗೂ ಹಿಂಗೇ ಇದ್ರೆ ಅವರನ್ನೂ ಕರಕೊಂಡು ಹೋಗು ಅಂದಾನೆ."

"ನನಗೇನಾಗೇತೆ?" ಎಂದ ಗೌಸ್ ಪೀರ್.

"ಮೊನ್ನೆ ಚೀಲ ಹೊತ್ತು ಹೋಗ್ತಾ ಮೆಟ್ಟಿಲ ಮ್ಯಾಲೆ ಇಳಿಸಿ ಕೂತ್ರಲ್ಲ," ಎಂದಳು ಖುರ್ಷೀದಾ.

"ಬೀಡಿ ಹಚ್ಚೋಕೆ ಕೂತೆ."

"ಬೀಡಿ ಹಚ್ಚಲಿಲ್ಲ. ನಾನು ನೋಡ್ತಿದ್ದೆ."

ಕೆ.ಬಿ. ಬಡಾವಣೆಯ ಡಾಕ್ಟರಮ್ಮ ಕಡಿಮೆ ಮಾತಿನವರು. ಗೌಸ್ ಪೀರನ ಬೆರಳು ನೋಡಿ, "ಚಪ್ಪಲಿ ಬಿಟ್ಟು ಕಾಲು ತೋರಿಸಿ," ಎಂದರು. ಮಾವನ ಹಿಮ್ಮಡಿ, ಅಳಿಯನ ಹಿಮ್ಮಡಿ ಎರಡನ್ನೂ ಹಿಡಿದು ನೋಡಿದರು. ಜೊತೆಗೆ ಬಂದಿದ್ದ ನಸೀಮಾಳ ಕಣ್ಣನ್ನು ದೂರದಿಂದಲೇ ನೋಡಿ, "ನೀನೂ ಬಾಮ್ಮ," ಎಂದರು. ಎಲ್ಲರ ರಕ್ತ ಹೋಯಿತು, ಖುರ್ಷೀದಾಳದೂ. ವರದಿ ಬಂದ ದಿನ ಮತ್ತೆ ನಾಲ್ಕೂ ಜನ ಬೆಂಚಿನ ಮೇಲೆ ಕೂತರು.

"ಕೊಲೆಸ್ಟರಾಲ್ ಅಂತ. ರಕ್ತದೊಳಗಿನ ಒಂದು ಥರದ ಜಿಡ್ಡು. ಎಲ್ಲರಲ್ಲೂ ಇರುತ್ತೆ, ಇರಲೂಬೇಕು. ಇವರದು ನೂರಾ ಎಂಬತ್ತು," ಎಂದು ಖುರ್ಷೀದಾಳ ಕಡೆ ತೋರಿಸಿದರು. "ಅಷ್ಟಿದ್ದರೆ ಚಿಂತೆ ಇಲ್ಲ. ಹುಡುಗ ಹುಡುಗಿಯದು ಅದರ ಎರಡರಷ್ಟು. ನಿಮ್ಮದು ನಾನೂರರ ಹತ್ತಿರ."

"ಹಂಗಾದ್ರೆ ಇದು ಚಿನ್ನ ಅಲ್ಲೇನ್ರಿ?" ಗೌಸ್ ಪೀರ್ ನಗಲು ನೋಡಿದ.

"ಜಿಡ್ಡು. ಕಣ್ಣ ಹತ್ತಿರ ಕಟ್ಟಿದ್ದು ಕಾಣುತ್ತೆ. ಎದೆಯ ರಕ್ತನಾಳದಲ್ಲಿ ಕಟ್ಟಿದ್ದು ಕಾಣಲ್ಲ. ನಿಮ್ಮ ತಂದೆ ಎಷ್ಟು ವಯಸ್ಸಿಗೆ ಹೋದರು?"

"ನಲವತ್ತಾರು. ಭಟ್ಟಿ ಮುಂದೆ, ಕೂತಲ್ಲೇ."

"ಅವರಣ್ಣ?"

"ನಲವತ್ತು ಆಗಿರಲಿಲ್ಲ ಅಂತಾರೆ."

"ನಿಮಗೆಷ್ಟು?"

"ನಲವತ್ನಾಲ್ಕು," ಎಂದಳು ಖುರ್ಷೀದಾ.

ಗೌಸ್ ಪೀರ್, "ನಮ್ಮಮ್ಮ ನನಗಿಂತ ಹೆಚ್ಚು ತುಪ್ಪ ತಿಂತಾಳ್ರಿ. ಎಪ್ಪತ್ತಾತು. ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಬರ್ತಾಳೆ," ಎಂದ.

"ಅವರು ಬೇರೆ ಮನೆಯಿಂದ ಬಂದವರು. ಅವರ ಮೈ ಆ ಜಿಡ್ಡನ್ನ ಖರ್ಚು ಮಾಡುತ್ತೆ, ನಿಮ್ಮದು ಮಾಡಲ್ಲ. ಇದು ತಂದೆಯಿಂದಲೋ ತಾಯಿಯಿಂದಲೋ ಹುಟ್ಟುವಾಗಲೇ ಬರೋದು. ಒಬ್ಬರಿಗಿದ್ದರೆ ಹೆಚ್ಚುಕಡಿಮೆ ಅರ್ಧ ಮಕ್ಕಳಿಗೆ ಬರಬಹುದು. ಭಟ್ಟಿ ಅಂದಿರಲ್ಲ, ಹಾಗೇ ತಿಳ್ಕೊಳ್ಳಿ. ಉರಿ ನಿಮ್ಮ ತಂದೆ ಹಚ್ಚಿ ಹೋದದ್ದು. ಮಿದುಳು, ಕುರಿಕಾಲಿನ ಪಾಯಾ, ತುಪ್ಪ, ಬೀಡಿ ನೀವು ಹಾಕ್ತಿರೋ ಹೊಟ್ಟು. ಹೊಟ್ಟು ಹಾಕೋದು ಬಿಟ್ಟರೆ ಉರಿ ತಗ್ಗುತ್ತೆ. ಪೂರ್ತಿ ಆರಲ್ಲ."

ಖುರ್ಷೀದಾ ಸೆರಗು ಸರಿಮಾಡಿಕೊಂಡಳು. "ಇವರಿಬ್ಬರಿಗೂ ನಿಕಾ ಮಾಡಬೇಕಂತ ಐತ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹುಡುಗ ಹುಡುಗಿಯನ್ನು ನೋಡದೆ ಖುರ್ಷೀದಾಳನ್ನೇ ನೋಡಿ ಹೇಳಿದರು. "ಇಬ್ಬರಿಂದಲೂ ಇದೇ ಬಂದ ಮಗು ಹುಟ್ಟಬಹುದು. ನಾಲ್ಕರಲ್ಲಿ ಒಂದು ಅಂತ ಲೆಕ್ಕ, ಆದರೆ ಆ ಒಂದು ಮೊದಲನೇದೇ ಆಗಬಹುದು. ಅಂಥ ಮಗುವಿಗೆ ಬರೀ ಕಣ್ಣಿಗಲ್ಲ, ಮೊಣಕೈ, ಮೊಣಕಾಲು, ಬೆರಳ ಸಂದು ಎಲ್ಲಾ ಕಡೆ ಹಳದಿ. ಆಡೋ ವಯಸ್ಸಿಗೇ ಎದೆನೋವು. ಇಪ್ಪತ್ತು ದಾಟೋದು ಕಷ್ಟ. ನಿಮ್ಮ ಮನೆತನದಲ್ಲಿ ಯಾರಾದರೂ ಅಂಥ ಮಗು ಇತ್ತಾ?"

ಗೌಸ್ ಪೀರ್ ವರದಿಯ ಕಾಗದ ಮಡಚತೊಡಗಿದ.

"ಇದ್ದಳು," ಎಂದಳು ನಸೀಮಾ. "ಅವಳ ತಟ್ಟೆಯಾಗೇ ನಾನು ಉಣ್ತೀನಿ."

ಆ ದಿನದಿಂದ ಅಡುಗೆಮನೆಯಲ್ಲಿ ಜಗಳ ಹತ್ತಿತು. ಖುರ್ಷೀದಾ ತುಪ್ಪದ ಭರಣಿಯನ್ನು ಅಟ್ಟಕ್ಕೇರಿಸಿದಳು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹುರಳಿ ಸಾರು. ಹಜೀರಾಬೀ ಸ್ಟೂಲು ಹತ್ತಿ ಭರಣಿ ಇಳಿಸಿದಳು.

"ನನ್ನ ಮಗ ಎತ್ತೇನು, ಸೊಪ್ಪು ಹಾಕೋಕೆ?"

"ಡಾಕ್ಟ್ರಮ್ಮ ಹೇಳ್ಯಾಳಮ್ಮಾ."

"ಅವಳಪ್ಪ ಹುಟ್ಟೋಕೆ ಮೊದ್ಲಿಂದ ನಾವು ಮಿದುಳು ತಿಂತಾ ಬಂದೀವಿ. ನನಗೇನಾಗೇತೆ? ನನ್ನ ರಕ್ತಾನೂ ತಗದು ನೋಡ್ಲಿ, ಎಷ್ಟು ಚಿನ್ನ ಐತೆ ಅಂತ!"

ಹಟಕ್ಕೆ ಬಿದ್ದು ಹೋಗಿ ಕೊಟ್ಟೂ ಬಂದಳು. ಅವಳದು ನೂರಾ ತೊಂಬತ್ತು. ನಿಮಗೆ ಏನೂ ಆಗಿಲ್ಲ, ಅಜ್ಜಿ, ಹಾಯಾಗಿರಿ ಎಂದು ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ಮುದುಕಿ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು. ಹುಲಿಗೆಮ್ಮ, "ಏನಂದ್ರು ಅಮ್ಮಾ?" ಎಂದು ಕೇಳಿದ್ದಕ್ಕೆ, "ನಾನೂ ಬೋಳುಗಣ್ಣಿನೇ ಅಂತೆ," ಎಂದು ಒಳಗೆ ಹೋಗಿ ಮಲಗಿದಳು.

ಗೌಸ್ ಪೀರ್ ಮನೆಯಲ್ಲಿ ರೊಟ್ಟಿ ತಿಂದು ಎದ್ದು ಹೋಗುತ್ತಿದ್ದ. ಒಂದು ಮಧ್ಯಾಹ್ನ ಮಂಡಿಪೇಟೆಯಿಂದ ಬಂದವನ ಮುಖ ನೋಡಿ ಖುರ್ಷೀದಾ, "ಮೀಸಿ ಒರಸ್ಕೊಳ್ರಿ. ಬೆಣ್ಣಿ ದೋಸಿ ತಿಂದವರು ಮೀಸಿ ತೊಳಕೊಂಡು ಬರಬೇಕು," ಎಂದಳು.

"ಒಂದೇ ತಿಂದೆ."

"ಒಂದಕ್ಕೆ ಅಷ್ಟು ಬೆಣ್ಣಿ ಹತ್ತಲ್ಲ."

ಗುರುವಾರ ಖುರ್ಷೀದಾ ಮಗಳನ್ನು ಭಟ್ಟಿಯಲ್ಲಿ ಕೆಲಸಕ್ಕೆ ಹಚ್ಚಿ ಒಳಗೆ ಬರಗೊಡಲಿಲ್ಲ. ಹಜೀರಾಬೀ ಪುಟ್ಟ ತಟ್ಟೆಗೆ ಬಡಿಸಿ ಕಾಯುತ್ತ ಕೂತಳು. ಕರೆದಳು. ಆಮೇಲೆ ಕರೆಯುವುದನ್ನು ಬಿಟ್ಟು ತಟ್ಟೆಯ ಜೊತೆ ಮಾತಾಡತೊಡಗಿದಳು. "ಹಸ್ಕೊಂಡು ಕುಂತೀಯೇನವ್ವಾ... ಬರ್ತಾಳೆ, ತಡಿ... ಇವರಿಗೆ ನಿನ್ನ ನೆಪ್ಪೇ ಇಲ್ಲ ನೋಡು..." ಹೊಗೆಯ ಆಚೆಯಿಂದ ಆ ಪಿಸುಮಾತು ಕೇಳಿ ನಸೀಮಾಳ ಕೈಯಲ್ಲಿ ಜರಡಿ ನಿಂತಿತು. ಮರುದಿನ ಬೆಳಿಗ್ಗೆ ತಟ್ಟೆ ಬರಿದಾಗಿತ್ತು, ನೆಕ್ಕಿದ ಹಾಗೆ.

"ಬಂದು ಉಂಡು ಹೋಗ್ಯಾಳೆ," ಎಂದಳು ಹಜೀರಾಬೀ. ಅವಳ ಮುಖ ಶಾಂತವಾಗಿತ್ತು. ಖುರ್ಷೀದಾ ತಟ್ಟೆ ಎತ್ತಿ ತಿರುಗಿಸಿ ನೋಡಿದಳು. ಆಮೇಲೆ ಬಟ್ಟೆ ಒಗೆಯುವಾಗ ಗಂಡನ ಅಂಗಿಯ ತೋಳಿನಲ್ಲಿ ತುಪ್ಪದ ಕಲೆ ಸಿಕ್ಕಿತು. ಅವನನ್ನು ಕೇಳಿದರೆ, "ಎಸೆಯೋಕೆ ಮನಸ್ಸಾಗಲಿಲ್ಲ," ಎಂದ. ಆ ತಟ್ಟೆಯಲ್ಲಿ ಅವನೂ ಹುಡುಗನಾಗಿದ್ದಾಗ ಉಂಡವನೇ.

ಬೈದು, ಅತ್ತು, ಕಾವಲು ಕಾದು ಖುರ್ಷೀದಾ ಅವನ ಬಾಯಿ ಕಟ್ಟಿದಳು. ಬೀಡಿಯೂ ನಿಂತಿತು. ಎರಡು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟರು. ಮುನ್ನೂರ ಐವತ್ತು.

"ಇಳಿದಿದೆ. ಹೀಗೇ ಇರಿ," ಎಂದರು ಡಾಕ್ಟರಮ್ಮ.

"ಅಷ್ಟೇನಾ ಇಳಿಯೋದು?"

"ಮಾತ್ರೆ ಕೊಡ್ತೀನಿ. ಇನ್ನಷ್ಟು ಇಳಿಯಬಹುದು. ಈಗ ಸಿಗೋ ಮಾತ್ರೆಗೆ ಅದಕ್ಕಿಂತ ಶಕ್ತಿ ಇಲ್ಲಮ್ಮ."

ಅಷ್ಟರಲ್ಲಿ ಕಾರ್ಖಾನೆಯವರು ಮುನಾಫನನ್ನು ಕಾಯಂ ಮಾಡಿದರು, ವರ್ಷಕ್ಕೊಮ್ಮೆ ರಕ್ತ ತೋರಿಸಬೇಕೆಂಬ ಷರತ್ತಿನ ಮೇಲೆ. ಮೆಹರ್ ಬಾನು ಪೇಡೆ ತಂದಳು.

"ಇನ್ನು ದಿನ ಗೊತ್ತು ಮಾಡೋಣ ಭಾಭಿ."

"ನಿಕಾ ಬ್ಯಾಡ ಮೆಹರ್. ಡಾಕ್ಟ್ರಮ್ಮ ಹೇಳಿದ್ದು ನಿನ್ನ ಮಗನೂ ಕೇಳ್ಯಾನೆ."

"ಹಲ್ಲು ಹುಳುಕೈತೆ ಅಂತ ಯಾರಾದ್ರೂ ಲಗ್ನ ಬಿಡ್ತಾರಾ? ನಾಲ್ಕರಾಗ ಒಂದಂತೆ. ಮೂರು ಚೆಂದ ಇರ್ತಾವಲ್ಲ!"

"ಆ ಒಂದನ್ನ ನೀನು ಎತ್ತಿಕೊಂಡು ಕೂಡ್ತೀಯಾ?"

"ನಾನು ಎತ್ತಿಕೋತೀನಿ," ಎಂದಳು ಹಜೀರಾಬೀ ಮೂಲೆಯಿಂದ.

ಗೌಸ್ ಪೀರ್ ತಲೆ ಕೆರೆದುಕೊಂಡ. "ಅಮ್ಮ ಮಾತು ಕೊಟ್ಟಾಳೆ ಖುರ್ಷೀದಾ." ಅವನಿಂದ ಇದಕ್ಕಿಂತ ಹೆಚ್ಚು ಬರುವಂತಿರಲಿಲ್ಲ. ಸಂಜೆ ನೀರು ಸೇದುವಾಗ ನಸೀಮಾ ತಾಯಿಯ ಪಕ್ಕ ನಿಂತು ಕೇಳಿದಳು. "ಅಮ್ಮಿ, ನಾವು ಮಕ್ಕಳೇ ಬ್ಯಾಡ ಅಂದ್ರೆ?"

"ಒಂದು ವರ್ಷ ಸುಮ್ನಿರ್ತಾರೆ. ಆಮ್ಯಾಲೆ ನಿನ್ನ ಫುಪ್ಪು ಮೆಹರ್ ಕೇಳ್ತಾಳೆ, ದಾದಿ ಕೇಳ್ತಾಳೆ, ಓಣಿ ಕೇಳ್ತೈತೆ. ಕಡೀಗೆ ಮುನಾಫನೂ ಕೇಳ್ತಾನೆ. ಆಗೇನು ಹೇಳ್ತಿ?"

ನಸೀಮಾ ಕೊಡ ಎತ್ತಿಕೊಂಡು ಹೋದಳು. ಆ ರಾತ್ರಿ ಉಣ್ಣಲಿಲ್ಲ.

ಆ ಮನೆತನದಲ್ಲಿ ನಿಕಾದ ಮೊದಲು, ಹಿರಿಯರ ಗೋರಿಗಳಿದ್ದ ಹರಿಹರಕ್ಕೆ ಹೋಗಿ ಸೋನಾ ಬೀಯ ಗೋರಿಗೆ ಚಾದರ ಹೊದಿಸಬೇಕು. ಹುಡುಗ ಹುಡುಗಿ ಗೋರಿಯ ಮೇಲೆ ಕೈಯಿಡಬೇಕು, ಮನೆಯ ಹಿರಿಯಳು ಅವರ ರೆಪ್ಪೆಗೆ ತುಪ್ಪ ಸವರಬೇಕು. ಅಷ್ಟಾದರೆ ಅರ್ಧ ನಿಕಾ ಆದಂತೆ. ಹಜೀರಾಬೀ ಅದಕ್ಕೆ ದಿನ ಗೊತ್ತು ಮಾಡಿಯೇಬಿಟ್ಟಳು. ಖುರ್ಷೀದಾ ಬರುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಅವಳೇ ಎಲ್ಲರಿಗಿಂತ ಮೊದಲು ಬುರ್ಖಾ ಹಾಕಿಕೊಂಡು ನಿಂತಳು.

ಹೊಳೆಯ ಕಡೆಯ ಏರು ಹತ್ತಿ ಹೋಗಬೇಕು. ತುಂಗಭದ್ರೆ ಕೆಳಗೆ ಸದ್ದಿಲ್ಲದೆ ಹರಿಯುತ್ತಿತ್ತು. ಮಟಮಟ ಮಧ್ಯಾಹ್ನ, ಒಂದು ಹಕ್ಕಿಯೂ ಇಲ್ಲ. ದೊಡ್ಡ ಗೋರಿಗಳ ನಡುವೆ ಸೋನಾ ಬೀಯದು ಗೇಣುದ್ದದ್ದೇನೋ ಅನ್ನುವಷ್ಟು ಚಿಕ್ಕದು. ಪ್ರತಿ ವರ್ಷ ಸುಣ್ಣ ಬಳಿಯುವಾಗ ಮೆಹರ್ ಬಾನು ಅದಕ್ಕೆ ಹಳದಿ ಕಲಸುತ್ತಿದ್ದಳು. ಬಿಸಿಲಿಗೆ ಅದು ಮೈಯ ಬಣ್ಣದಂತೆ ಕಾಣುತ್ತಿತ್ತು. ಹಣ್ಣಿನ ಬುಟ್ಟಿ ಹೊತ್ತು ಹಿಂದುಳಿದಿದ್ದ ಗೌಸ್ ಪೀರ್ ಕೊನೆಗೆ ಬಂದು ಒಂದು ಕಲ್ಲಿನ ಮೇಲೆ ಕೂತ. ನಸೀಮಾ, ಮುನಾಫ್ ಗೋರಿಯ ಮೇಲೆ ಕೈಯಿಟ್ಟರು. ಹಜೀರಾಬೀ ತುಪ್ಪದ ಬಟ್ಟಲಿಗೆ ಬೆರಳದ್ದಿದಳು.

"ಒಂದು ನಿಮಿಷ ಅಮ್ಮಾ," ಎಂದಳು ಖುರ್ಷೀದಾ. "ಸೋನಾ ಬೀ ಹೆಂಗೆ ಬಂದಳು ಅನ್ನೋದನ್ನ ಇಪ್ಪತ್ತು ವರ್ಷದಿಂದ ಕೇಳೀನಿ. ಹೆಂಗೆ ಹೋದಳು ಅಂತ ಹೇಳ್ರಿ. ಇವರೂ ಕೇಳ್ಲಿ."

"ಭಾಭಿ!" ಎಂದಳು ಮೆಹರ್ ಬಾನು.

ಮುದುಕಿಗೆ ಸಿಟ್ಟು ಬರಲಿಲ್ಲ. ಸೋನಾ ಬೀಯ ಬಗ್ಗೆ ಹೇಳೆಂದು ಯಾರಾದರೂ ಕೇಳಿದರೆ ಅವಳಿಗೆ ಸಂತೋಷವೇ.

"ಯಾಕ ಹೇಳಬಾರದು? ಎಂಟು ವರ್ಷದ್ದು. ಆಡೋಕೆ ಹೋಗ್ತಿರಲಿಲ್ಲ, ಓಡಿದ್ರೆ ಉಸಿರು ಸಿಗ್ತಿರಲಿಲ್ಲ. ಹೊಸ್ತಿಲ ಮ್ಯಾಲೆ ಕುಂತು ಬ್ಯಾರೆ ಮಕ್ಕಳು ಆಡೋದನ್ನ ನೋಡ್ತಿತ್ತು. ಮೊಣಕಾಲ ಗಂಟು ಇಷ್ಟಿಷ್ಟು ದಪ್ಪ, ಮಡಚೋಕೆ ನೋಯ್ತಿತ್ತು. ಅಳ್ತಿರಲಿಲ್ಲ ಅದು. ಎತ್ತಿಕೋ ಅಂತಿತ್ತು ಅಷ್ಟೇ. ಅವತ್ತು ಮುಷ್ಟಿ ತುಂಬ ಮಂಡಕ್ಕಿ ಕೊಟ್ಟಿದ್ದೆ. ಒಂದು ಕೈಯಾಗ ಮಂಡಕ್ಕಿ, ಇನ್ನೊಂದು ಕೈ ಎದಿ ಮ್ಯಾಲೆ. ಮುದುಕರ ಹಂಗೆ ಮುಂದಕ್ಕೆ ಬಾಗಿ, ಹಿಂಗ..."

ತೋರಿಸಲೆಂದು ತುಪ್ಪದ ಕೈಯನ್ನೇ ಎದೆಗಿಟ್ಟುಕೊಂಡು ಬಾಗಿದಳು. ಬಾಗಿದವಳ ಕಣ್ಣು ಕಲ್ಲಿನ ಮೇಲೆ ಕೂತ ಮಗನ ಮೇಲೆ ಬಿತ್ತು. ಗೌಸ್ ಪೀರ್ ಮುಂದಕ್ಕೆ ಬಾಗಿ, ಎದೆಯ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದ. ಹಣೆಯಲ್ಲಿ ಬೆವರು. ಇನ್ನೊಂದು ಕೈಯಲ್ಲಿ ಬುಟ್ಟಿಯ ಹಿಡಿ.

ಎಲ್ಲರೂ ಅತ್ತ ತಿರುಗಿದರು.

"ಗೌಸ್, ಯಾಕ ಹಂಗ ಕುಂತಿ?"

"ಏನಿಲ್ಲಮ್ಮಾ. ಏರು ಹತ್ತಿ ಬಂದ್ನಲ್ಲ. ಸ್ವಲ್ಪ ಕೂತ್ರೆ ಹೋಗ್ತೈತೆ."

"ಅವಳೂ ಹಂಗೇ ಅಂತಿದ್ಲು," ಎಂದಳು ಹಜೀರಾಬೀ.

ಮುನಾಫ್ ಗೋರಿಯ ಮೇಲಿನ ಕೈ ತೆಗೆದ. ಮೆಲ್ಲಗೆ ತೆಗೆದ, ಮಲಗಿದವರು ಎದ್ದಾರು ಎಂಬಂತೆ. ತನ್ನ ಗೆಣ್ಣುಗಳನ್ನು ನೋಡಿಕೊಂಡ. "ನನ್ನಿಂದ ಆಗಲ್ಲ ಮುಮಾನಿ," ಎಂದು ಖುರ್ಷೀದಾಳಿಗೆ ಹೇಳಿ, ನಸೀಮಾಳ ಮುಖ ನೋಡದೆ ಹೋಗಿ ಮಾವನ ಕೈಯಿಂದ ಬುಟ್ಟಿ ಇಸಕೊಂಡ. ನಸೀಮಾಳ ಕೈ ಇನ್ನೂ ಸ್ವಲ್ಪ ಹೊತ್ತು ಗೋರಿಯ ಮೇಲೇ ಇತ್ತು. ಆಮೇಲೆ ಅವಳೂ ತೆಗೆದಳು. ಹಜೀರಾಬೀ ತುಪ್ಪದ ಬೆರಳನ್ನು ತನ್ನ ಸೀರೆಗೆ ಒರೆಸಿಕೊಂಡಳು. ಚಾದರ ಮಡಚಿದಂತೆಯೇ ಬುಟ್ಟಿಗೆ ವಾಪಸು ಹೋಯಿತು.

ಅಣ್ಣನನ್ನು ಟಾಂಗಾದಲ್ಲಿ ಬಸ್ ಸ್ಟ್ಯಾಂಡಿಗೆ ಕಳಿಸುವಾಗ ಮೆಹರ್ ಬಾನು ಅತ್ತಳು. ಖುರ್ಷೀದಾಳ ಜೊತೆ ಮಾತು ಮಾತ್ರ ಬಿಟ್ಟಳು. ನಸೀಮಾಳೂ ಕೆಲವು ದಿನ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಗೌಸ್ ಪೀರ್ ಚೀಲ ಹೊರುವುದನ್ನು ಬಿಟ್ಟು ಮಾತ್ರೆ ನುಂಗತೊಡಗಿದ. ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುವಾಗ ಒಂದು ಬಿಳಿ ಕೂದಲು ಕಂಡು ಹೆಂಡತಿಯನ್ನು ಕೂಗಿ ತೋರಿಸಿದ.

ಗುರುವಾರ ಹಜೀರಾಬೀ ಮತ್ತೆ ಮಾರ್ಕೆಟ್ಟಿಗೆ ಹೋಗಿ ಮಿದುಳು ತಂದಳು. ಹುರಿದಳು. ತುಪ್ಪದನ್ನ ಮಾಡಿದಳು. ಖುರ್ಷೀದಾ ಅಡ್ಡ ನಿಲ್ಲಲು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದಳು.

"ನೀನೇನು ಬಯ್ಯೋಕೆ ಬರಬ್ಯಾಡ," ಎಂದಳು ಮುದುಕಿ. "ಯಾರನ್ನೂ ಕರೆಯಲ್ಲ ನಾನು. ನಾನೇ ಉಣ್ತೀನಿ. ನನಗೇನೂ ಆಗಲ್ಲ ಅಂತ ನಿಮ್ಮ ಡಾಕ್ಟ್ರಮ್ಮ ಬರಕೊಟ್ಟಾಳಲ್ಲ."

ಪುಟ್ಟ ತಟ್ಟೆ ಹಿಡಿದು ಹೊಸ್ತಿಲ ಮೇಲೆ ಕೂತಳು. ಕೂತವಳು ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಡುವ ಹಾಗೆ ತುಸು ಸರಿದಳು. ತುತ್ತುಗಳನ್ನು ಚಿಕ್ಕ ಬಾಯಿಗೆ ಹಿಡಿಯುವಷ್ಟೇ ಮಾಡಿ, ಒಂದೊಂದನ್ನೂ ಊದಿ ಆರಿಸಿ, ಒಂದೊಂದನ್ನೂ ತಾನೇ ಉಂಡಳು.